ರೂಪಾಯಿಗೊಂದಾಣೆ

ಪೇಸ್ಲಿಪ್ಪಿನಲ್ಲಿ ಪಿಎಫ್ ಅಂತ ಕಟ್ ಆಗೋ ದುಡ್ಡನ್ನ ನಾವ್ಯಾರೂ ಅಷ್ಟಾಗಿ ನೋಡಲ್ಲ. ಕೆಲಸ ಬಿಟ್ಟಮೇಲೆ ಅದರಲ್ಲೇ ಆರಾಮಾಗಿ ಬದುಕಬಹುದಾ ಅಂತ ಕೇಳೋಕೆ ಮುಂಚೆ, ಅದನ್ನ ಯಾರಿಗೋಸ್ಕರ ಮಾಡಿದ್ರು ಅಂತ ತಿಳ್ಕೊಳ್ಳೋದು ಒಳ್ಳೇದು.

ಭವಿಷ್ಯ ನಿಧಿ 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂತು, 1952ರಲ್ಲಿ ಕಾಯ್ದೆಯಾಯ್ತು. ಮೊದಲಿಗೆ ಆರೇ ಉದ್ಯಮಗಳು: ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್ ಸಾಮಾನು, ಕಬ್ಬಿಣ-ಉಕ್ಕು, ಕಾಗದ, ಬಟ್ಟೆ ಗಿರಣಿ. ಅದೂ ತಿಂಗಳಿಗೆ 300 ರೂಪಾಯಿ ಒಳಗಿನ ಸಂಬಳದವರಿಗೆ. ಕೆಲಸಗಾರ 6.25% ಕೊಡಬೇಕು, ಮಾಲೀಕ ಅಷ್ಟೇ ಸೇರಿಸಬೇಕು. ಆಗಿನ ಲೆಕ್ಕದಲ್ಲಿ ರೂಪಾಯಿಗೊಂದಾಣೆ. ಬಡ್ಡಿ 3%. ಗಿರಣಿಯವನಿಗೆ ವಯಸ್ಸಾದಾಗ, ಇಲ್ಲಾ ನಡುವೆ ಏನಾದ್ರೂ ಆದ್ರೆ ಮನೆಯವರಿಗೆ, ಒಂದು ಗಂಟು ಸಿಗಲಿ ಅನ್ನೋದಷ್ಟೇ ಇದ್ದದ್ದು. ಆರಾಮದ ಮಾತು ಅಲ್ಲಿರಲಿಲ್ಲ.

ದರ 1997ರಲ್ಲಿ 12%ಕ್ಕೆ ಏರಿತು. ತೊಂಬತ್ತರ ದಶಕದ ಉದ್ದಕ್ಕೂ ಬಡ್ಡಿಯೂ 12% ಇತ್ತು. ಪಿಎಫ್ ಇದ್ರೆ ಸಾಕು ಅನ್ನೋ ನಮ್ಮ ಹಿರಿಯರ ನಂಬಿಕೆ ಆ ಕಾಲದ್ದು ಅಂತ ನನ್ನ ಗುಮಾನಿ.

ನಮ್ಮನ್ನ ಕಟ್ಟಿಹಾಕಿರೋದು ಮಾತ್ರ ಆ 300ರ ಮಿತಿ. ಅದು ಬೆಳೆದು 1994ರಲ್ಲಿ 5,000, 2001ರಲ್ಲಿ 6,500, 2014ರ ಸೆಪ್ಟೆಂಬರಿನಲ್ಲಿ 15,000 ಆಯ್ತು. ಆಮೇಲೆ ಹತ್ತು ವರ್ಷ ಕಳೆದರೂ ಅಲ್ಲಾಡಲಿಲ್ಲ. ನಿಮ್ಮ ಬೇಸಿಕ್ ಎಪ್ಪತ್ತು ಸಾವಿರ ಇದ್ದರೂ ಕಂಪನಿ 15,000ಕ್ಕೆ 12% ಲೆಕ್ಕ ಹಾಕಿ 1,800 ಕಟ್ಟಿ ಕೈತೊಳೆದುಕೊಳ್ಳಬಹುದು. ಅದು ತಪ್ಪಲ್ಲ, ಕಾನೂನೇ ಹಾಗಿದೆ.

ಆ ಮಿತಿ ಬಂದ ಮೇಲೆ ಮೊದಲ ಕೆಲಸಕ್ಕೆ ಸೇರಿ, ಬೇಸಿಕ್ 15,000 ದಾಟಿದವರಿಗೆ 1995ರ ಪಿಂಚಣಿ ಯೋಜನೆಯೂ ಇಲ್ಲ. ನಿಮ್ಮದು, ಕಂಪನಿದು ಸೇರಿ 3,600 ಪೂರ್ತಿ ಪಿಎಫ್‌ಗೇ ಹೋಗುತ್ತೆ. 8.25% ಬಡ್ಡಿ ಮೂವತ್ತು ವರ್ಷ ಹಾಗೇ ಸಿಕ್ತು ಅಂತಿಟ್ಟುಕೊಳ್ಳಿ, ನಡುವೆ ಒಂದು ಪೈಸೆ ತೆಗೀಲಿಲ್ಲ ಅಂತಾನೂ ಇಟ್ಟುಕೊಳ್ಳಿ: ಸುಮಾರು 53 ಲಕ್ಷ. ಕೇಳೋಕೆ ಚೆನ್ನಾಗಿದೆ. ಬೆಲೆಯೇರಿಕೆ 6% ಹಿಡಿದರೆ ಇವತ್ತಿನ 9 ಲಕ್ಷ ಅಷ್ಟೆ. ಬೆಂಗಳೂರಲ್ಲಿ ತಿಂಗಳಿಗೆ ಐವತ್ತು ಸಾವಿರ ಖರ್ಚಿನ ಮನೆ ಅದರಲ್ಲಿ ಒಂದೂವರೆ ವರ್ಷ ನಡೀಬಹುದು.

ಹಾಗಂತ ಈ ದುಡ್ಡು ಸಣ್ಣದೇ? 2016ರಲ್ಲಿ ಬೆಂಗಳೂರು ಬೇರೇನೇ ಉತ್ತರ ಕೊಟ್ಟಿತ್ತು. ಆ ವರ್ಷದ ಬಜೆಟ್ಟಲ್ಲಿ ಅರುಣ್ ಜೇಟ್ಲಿ, ತೆಗೆಯೋ ಪಿಎಫ್‌ನ 60% ಭಾಗಕ್ಕೆ ತೆರಿಗೆ ಅಂದ್ರು. ನಮ್ಮಂಥವರು ಆನ್‌ಲೈನಲ್ಲಿ ಕೂಗಾಡಿದ್ವಿ, ಮಾರ್ಚ್ 8ಕ್ಕೆ ಅದು ವಾಪಸ್ಸಾಯ್ತು. ಆದರೆ ಫೆಬ್ರವರಿಯಲ್ಲೇ ಇನ್ನೊಂದು ಆದೇಶ ಹೊರಬಿದ್ದಿತ್ತು: ಮಾಲೀಕರ ಪಾಲನ್ನ 58 ವರ್ಷ ಆಗೋವರೆಗೂ ಮುಟ್ಟೋ ಹಾಗಿಲ್ಲ. ಅದರ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಕೆಡಿಸಿಕೊಂಡಿದ್ದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಏಪ್ರಿಲ್ 18ಕ್ಕೆ ಸಾವಿರಾರು ಜನ ಹೊಸೂರು ರಸ್ತೆಗಿಳಿದರು. ಮುಂದೆ ನಿಂತು ನಡೆಸೋಕೆ ಯೂನಿಯನ್ ಕೂಡ ಇರಲಿಲ್ಲ. ಮರುದಿನ ಪೀಣ್ಯ, ತುಮಕೂರು ರಸ್ತೆ ಕಡೆಗೂ ಹಬ್ಬಿತು. ಬಸ್ಸುಗಳು ಸುಟ್ಟವು, ಲಾಠಿ ಬೀಸಿದರು. ಮುಪ್ಪಿಗೆ ದುಡ್ಡು ಉಳೀಲಿ ಅನ್ನೋ ಸರ್ಕಾರದ ವಾದ ಕಾಗದದ ಮೇಲೆ ಸರಿಯೇ. ಆದರೆ ಐವತ್ತೆಂಟರವರೆಗೆ ಹೊಲಿಗೆ ಮೆಷಿನ್ ಮುಂದೆ ಕೂರೋರು ಎಷ್ಟು ಜನ? ಕೆಲಸ ಬಿಟ್ಟಾಗ ಕೈಗೆ ಬರೋ ಆ ಗಂಟೇ ಸಾಲ ತೀರಿಸೋಕೆ, ಮಕ್ಕಳ ಫೀಸಿಗೆ, ಊರಲ್ಲಿ ಮನೆಗೆ ಸೂರು ಹಾಕೋಕೆ.

19ರ ಸಂಜೆ ಹೊತ್ತಿಗೆ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶ ರದ್ದು ಅಂತ ಘೋಷಿಸಿದರು. ಇಡೀ ದೇಶದ ಪಿಎಫ್ ಖಾತೆದಾರರಿಗೆ ಅದು ಅನ್ವಯಿಸ್ತು, ಆವತ್ತು ಹೊಸೂರು ರಸ್ತೆ ಜಾಮಲ್ಲಿ ಕ್ಯಾಬ್‌ನೊಳಗೆ ಬೈಕೋತಾ ಕೂತಿದ್ದ ಸಾಫ್ಟ್‌ವೇರ್‌ನೋರಿಗೂ ಸೇರಿಸಿ.