ರಾಜಧಾನಿ ದೂರ ಆದ ದಿನ | ನಮ್ಮೂರ ಲೆಕ್ಕ, ಭಾಗ 6

ಗೂಗಲ್ ನೋಡದೇ ಹೇಳ್ರಿ, ಕಲಬುರಗಿಯಿಂದ ಬೆಂಗಳೂರು ಎಷ್ಟು ದೂರ?

ರೋಡಿನ ಮ್ಯಾಲ ಸುಮಾರು 600 ಕಿ.ಮೀ. ಏರ್‌ಪೋರ್ಟ್‌ನಿಂದ ಏರ್‌ಪೋರ್ಟ್‌ಗೆ ನೇರ ಗೆರೆ ಎಳೆದರ ಸುಮಾರು 465 ಕಿ.ಮೀ. ಟ್ರೇನಿಗೆ ಒಂದು ರಾತ್ರಿ ಬೇಕು, ವಿಮಾನಕ್ಕ ಒಂದು ತಾಸಿನ ಮ್ಯಾಲ ಸ್ವಲ್ಪ.

ಆದರೆ ಈ ದೂರ ನಮಗ ಮೊದಲಿಂದ ಇರಲಿಲ್ಲ ✈️

1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ರಾಜಧಾನಿ ನಮ್ಮೂರೇ. ಮುಂದೆ ಅದು ಬೀದರ್‌ಗೆ ಹೋಯ್ತು. ನಿಜಾಮರ ಕಾಲಕ್ಕೆ ನಮ್ಮ ದೊಡ್ಡ ಕಚೇರಿ, ದೊಡ್ಡ ಕೋರ್ಟ್ ಎಲ್ಲಾ ಹೈದರಾಬಾದ್. ಸುಮಾರು 220 ಕಿ.ಮೀ. 1874ರಲ್ಲೇ ವಾಡಿಯಿಂದ ಸಿಕಂದರಾಬಾದ್‌ಗೆ ರೈಲು ಬಂದಿತ್ತು.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಕನ್ನಡದವರೆಲ್ಲ ಒಂದೇ ಮನೆಗೆ ಬಂದ್ವಿ, ಅದು ಖುಷಿಯ ಮಾತೇ. ಆದರ ಅದೇ ದಿನ ನಮ್ಮ ರಾಜಧಾನಿ ಎರಡೂವರೆ ಪಟ್ಟಿಗಿಂತ ಹೆಚ್ಚು ದೂರ ಸರೀತು! ಒಂದು ಫೈಲ್, ಒಂದು ಕೇಸ್, ಒಂದು ಇಂಟರ್‌ವ್ಯೂ ಅಂದ್ರ ಹೋಗೋಕೆ ಒಂದು ರಾತ್ರಿ, ಬರೋಕೆ ಒಂದು ರಾತ್ರಿ.

ಮುಂದಿನ ಇತಿಹಾಸ ಅಂದ್ರ ಈ ದೂರ ಕಮ್ಮಿ ಮಾಡೋ ಇತಿಹಾಸ 👇
▪️ 2008: ಹೈಕೋರ್ಟ್ ಪೀಠ ಕಲಬುರಗಿಗೇ ಬಂತು. ಅದೇ ವರ್ಷ ಶ್ರೀನಿವಾಸ ಸರಡಗಿ ಹತ್ತಿರ ವಿಮಾನ ನಿಲ್ದಾಣಕ್ಕ ಅಡಿಗಲ್ಲು.
▪️ 2012: 371(ಜೆ) ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ.
▪️ 2017: ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆ, ಕಮಲಾಪುರದ ಮ್ಯಾಲ ಹಾದು.
▪️ 2019ರ ನವೆಂಬರ್ 22: ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ.

ಅಡಿಗಲ್ಲಿನಿಂದ ವಿಮಾನದ ತನಕ 11 ವರ್ಷ. 1956ರಿಂದ ಎಣಿಸಿದ್ರ 63 ವರ್ಷ.

ಈಗ ಕಾಮರ್ಸ್ ಲೆಕ್ಕ. ಈ ವಿಮಾನ ಬಂದಿದ್ದು ಉಡಾನ್ ಯೋಜನೆಯಲ್ಲಿ. ಒಂದಿಷ್ಟು ಸೀಟಿಗೆ ಟಿಕೆಟ್ ದರಕ್ಕೆ ಮಿತಿ ಇರ್ತದ, ಕಂಪನಿಗೆ ಆಗೋ ಕೊರತೆಯನ್ನ ಸರ್ಕಾರ ತುಂಬ್ತದ. ಆದರೆ ಈ ಸಹಾಯಧನ 3 ವರ್ಷ ಮಾತ್ರ. ಆಮೇಲೆ ಸೀಟು ತುಂಬಿದ್ರ ವಿಮಾನ, ಇಲ್ಲಂದ್ರ ಇಲ್ಲ. ರನ್‌ವೇ 3 ಕಿ.ಮೀ.ಗಿಂತ ಉದ್ದ ಇದ್ರೂ ಅದರ ಮ್ಯಾಲ ಇಳಿಯೋಕೆ ವಿಮಾನ ಬೇಕಲ್ರಿ!

ಇನ್ನೊಂದು ಲೆಕ್ಕ. ನೀವು ಕಮಲಾಪುರದವರು ಅಂದ್ಕೋರಿ. ಕಲಬುರಗಿಗೆ ಬಂದು, ಸೇಡಂ ರೋಡ್ ಹಿಡಿದು ಏರ್‌ಪೋರ್ಟ್ ಮುಟ್ಟೋದ್ರಾಗ ಸುಮಾರು 50 ಕಿ.ಮೀ. ಅಲ್ಲಿಂದ ವಿಮಾನ ಬೆಂಗಳೂರು ಮುಟ್ಟೋಕೆ ತಗೊಳ್ಳೋ ಹೊತ್ತು ಇಲ್ಲೇ ಆಯ್ತು! ಕೆಂಪು ಬಾಳೆಹಣ್ಣಿನ ಆ ಊರು 2018ರ ಸುಮಾರಿಗೆ ತಾಲೂಕು ಕೇಂದ್ರ ಆಯ್ತು, ಅಂದ್ರ ತಹಶೀಲ್ದಾರ್ ಕಚೇರಿ ಊರಿಗೇ ಬಂತು. ಆ ಊರಿನ ಹೆಚ್ಚಿನ ಮಂದಿಗೆ ವಿಮಾನಕ್ಕಿಂತ ಇದೇ ದೊಡ್ಡ ಸುದ್ದಿ ಅಂತ ನನಗನಸ್ತದ.

ಯಾಕಂದ್ರ ದೂರ ಕಮ್ಮಿ ಮಾಡೋಕೆ ಎರಡು ದಾರಿ ಅವ: ನಾವು ಜಲ್ದಿ ಹೋಗೋದು, ಇಲ್ಲಾ ಕೆಲಸವನ್ನೇ ನಮ್ಮೂರಿಗೆ ತರೋದು. ವಿಮಾನ ಮೊದಲನೇದು, ಹೈಕೋರ್ಟ್ ಪೀಠ ಎರಡನೇದು. ಟಿಕೆಟ್ ತಗೊಳ್ಳೋಕೆ ಆಗದವರಿಗೆ ಉಪಯೋಗ ಆಗೋದು ಎರಡನೇದೇ.

ನಿಮ್ಮನ್ಯಾಗ ಯಾವ ಕೆಲಸಕ್ಕ ಇನ್ನೂ ಬೆಂಗಳೂರಿಗೇ ಹೋಗಬೇಕು? ಕಮೆಂಟ್‌ನಾಗ ಬರೀರಿ. ಭಾಗ 7ರಲ್ಲಿ ವಾಡಿ ಜಂಕ್ಷನ್ 🚂

#ನಮ್ಮೂರಲೆಕ್ಕ #ಕಲಬುರಗಿ #ಕಮಲಾಪುರ #ಕಲ್ಯಾಣಕರ್ನಾಟಕ