ಹದಿನೈದು ಪೈಸೆಯ ಹಡಗು

ದೊಡ್ಡಮಳೂರಿಗೂ ಸಮುದ್ರಕ್ಕೂ ಬಲು ದೂರ. ನಮ್ಮೂರಿನವರಿಗೆ ಗೊತ್ತಿದ್ದ ನೀರೆಂದರೆ ಕಣ್ವ ಹೊಳೆ ಮತ್ತು ಕೆರೆ. ಅಂಥ ಊರಿನ ನಮ್ಮ ಮನೆಯ ಅಟ್ಟದಲ್ಲಿ, ತಾತನ ತಗಡಿನ ಪೆಟ್ಟಿಗೆಯೊಳಗೆ ಕಳೆದ ವರ್ಷ ನನಗೊಂದು ಹಡಗು ಸಿಕ್ಕಿತು. ಮುಂಬೈಯಲ್ಲಿದ್ದ ದೊಡ್ಡತಾತ ಬರೆದ ಕಾಗದದ ಲಕೋಟೆ ಅದು. ಒಳಗೆ ಕಾಗದವಿರಲಿಲ್ಲ. ಮೇಲೆ ಹದಿನೈದು ಪೈಸೆಯ ಅಂಚೆಚೀಟಿ, ಅದರಲ್ಲೊಂದು ಸರಕು ಹಡಗು.

ಮೈಸೂರು ಸಂಸ್ಥಾನದ ಕೈಗಾರಿಕೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ಹಡಗಿನಿಂದ ಏನೂ ಆಗಬೇಕಿರಲಿಲ್ಲ. ಆದರೂ ಚೀಟಿಯ ಬೆನ್ನು ಹತ್ತಿದೆ.

ಅದು 1965ರ ಏಪ್ರಿಲ್ 5ರಂದು ರಾಷ್ಟ್ರೀಯ ಕಡಲಯಾನ ದಿನಕ್ಕೆಂದು ಹೊರಬಂದ ಚೀಟಿ. ಚಿತ್ರದಲ್ಲಿರುವ ಹಡಗು 'ಜಲಉಷಾ', ಹಿನ್ನೆಲೆ ವಿಶಾಖಪಟ್ಟಣ. ಸ್ವಾರಸ್ಯವೆಂದರೆ, ಚೀಟಿಯ ದಿನಾಂಕ ಒಂದು ಹಡಗಿನದು, ಚಿತ್ರ ಇನ್ನೊಂದು ಹಡಗಿನದು.

ದಿನಾಂಕದ ಹಡಗಿನ ಹೆಸರು 'ಲಾಯಲ್ಟಿ'. ವಾಲ್‌ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ ಮೊದಲಾದವರು ಕಟ್ಟಿದ ಸಿಂಧಿಯಾ ಕಂಪನಿಯ ಈ ಹಡಗು 1919ರ ಏಪ್ರಿಲ್ 5ರಂದು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಅದು ಇಂಗ್ಲೆಂಡಿನಲ್ಲಿ ಕಟ್ಟಿದ ಹಳೆಯ ಹಡಗು. ಮೊದಲು 'ಎಂಪ್ರೆಸ್ ಆಫ್ ಇಂಡಿಯಾ' ಎಂದು ಶಾಂತಸಾಗರದಲ್ಲಿ ಓಡಾಡುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಗ್ವಾಲಿಯರ್ ಮಹಾರಾಜರು ಕೊಂಡು, ಆಸ್ಪತ್ರೆ ಹಡಗು ಮಾಡಿ, 'ಲಾಯಲ್ಟಿ' ಎಂದು ಕರೆದರು. ಬ್ರಿಟಿಷ್ ಕಂಪನಿಗಳ ಏಕಸ್ವಾಮ್ಯಕ್ಕೆ ಸಡ್ಡು ಹೊಡೆಯಲು ಹೊರಟ ಹಡಗಿನ ಹೆಸರು ರಾಜನಿಷ್ಠೆ!

ಸಡ್ಡು ಹೊಡೆದವರಲ್ಲಿ ಅವರೇ ಮೊದಲಿಗರಲ್ಲ. 1906ರಲ್ಲಿ ತೂತ್ತುಕುಡಿಯ ವಿ.ಓ. ಚಿದಂಬರಂ ಪಿಳ್ಳೈ ಸ್ವದೇಶಿ ಹಡಗು ಕಂಪನಿ ತೆರೆದಿದ್ದರು. 1908ರಲ್ಲಿ ಅವರನ್ನು ಜೈಲಿಗೆ ಹಾಕಲಾಯಿತು, ಕಂಪನಿಯೂ ಉಳಿಯಲಿಲ್ಲ. ಸಿಂಧಿಯಾ ಉಳಿಯಿತು, ಆದರೆ ಬೆಲೆ ತೆತ್ತು. ಬ್ರಿಟಿಷ್ ಕಂಪನಿಗಳು ಸಾಗಣೆ ದರ ಇಳಿಸಿ ಹಿಂಡಿದ ಮೇಲೆ, 1923ರ ಒಪ್ಪಂದದಲ್ಲಿ ಹತ್ತು ವರ್ಷ ಕರಾವಳಿ ವ್ಯಾಪಾರಕ್ಕಷ್ಟೇ ಸೀಮಿತವಾಗಿ, 75,000 ಟನ್ನಿನ ಮಿತಿಯೊಳಗೆ ಇರಲು ಒಪ್ಪಬೇಕಾಯಿತು. ಅದೇ ವರ್ಷ 'ಲಾಯಲ್ಟಿ' ಗುಜರಿಗೆ ಹೋಯಿತು.

ಚಿತ್ರದ ಹಡಗಿಗೆ ಬರೋಣ. 1941ರ ಜೂನ್ 21ರಂದು ವಿಶಾಖಪಟ್ಟಣದ ಹಡಗುಕಟ್ಟೆಗೆ ರಾಜೇಂದ್ರ ಪ್ರಸಾದ್ ಶಂಕುಸ್ಥಾಪನೆ ಮಾಡಿದರು. 1942ರ ಏಪ್ರಿಲ್‌ನಲ್ಲಿ ಜಪಾನೀಯರು ಊರಿನ ಮೇಲೆ ಬಾಂಬು ಹಾಕಿದರು, ಕೆಲಸ ನಿಂತಿತು. ಕೊನೆಗೆ 1948ರ ಮಾರ್ಚ್ 14ರಂದು, ಸುಮಾರು 8,000 ಟನ್ ಹೊರಬಲ್ಲ 'ಜಲಉಷಾ'ವನ್ನು ನೆಹರೂ ನೀರಿಗಿಳಿಸಿದರು. ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಉಗಿಹಡಗು ಅದು. 1952ರಲ್ಲಿ ಹಡಗುಕಟ್ಟೆ ಬಹುಪಾಲು ಸರ್ಕಾರದ ಕೈಗೆ ಬಂದು ಹಿಂದೂಸ್ತಾನ್ ಶಿಪ್‌ಯಾರ್ಡ್ ಆಯಿತು.

ಇಲ್ಲಿ ನನ್ನ ಪ್ರಬಂಧದ ದಾರಿ ಈ ಹಡಗನ್ನು ಸಂಧಿಸಿತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. 1942ರಲ್ಲಿ ಯುದ್ಧದ ಕಾರಣಕ್ಕೆ ಭಾರತ ಸರ್ಕಾರ ವಾಲ್‌ಚಂದ್‌ರ ಪಾಲನ್ನು ಕೊಂಡಿತು. ವಿಶ್ವೇಶ್ವರಯ್ಯನವರು ಹಂಬಲಿಸಿದ ಮೋಟಾರು ಕಾರ್ಖಾನೆ ಮೈಸೂರಿಗೆ ದಕ್ಕಲಿಲ್ಲ. ವಾಲ್‌ಚಂದ್ ಅದನ್ನು 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂದು ಶುರು ಮಾಡಿದರು. ಹಡಗು, ವಿಮಾನ, ಕಾರು: ನಾನು ಬೇರೆ ಬೇರೆ ಕಡತಗಳಲ್ಲಿ ಓದುತ್ತಿದ್ದದ್ದು ಒಂದೇ ಕಥೆಯ ಮೂರು ತುಂಡು.

ಸಂಭ್ರಮದಿಂದ ಚೀಟಿಯನ್ನು ಅಜ್ಜಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿ, "ಇದ್ರಲ್ಲೇನಾ ಮಗ ನಮ್ಗೆ ಗೋಧಿ ಬತ್ತಿದ್ದಿದ್ದು?" ಅಂದರು.

ನನ್ನ ಟಿಪ್ಪಣಿಗಳಲ್ಲಿ ಎಲ್ಲೂ ಇಲ್ಲದ ಪ್ರಶ್ನೆ ಅದು. ಚೀಟಿ ಬಂದ ವರ್ಷವೇ ಮಳೆ ಕೈಕೊಟ್ಟಿತು. 1966ರಲ್ಲಿ ದೇಶ ಸುಮಾರು 1 ಕೋಟಿ ಟನ್ ಧಾನ್ಯ ತರಿಸಿಕೊಂಡಿತು. ಬಹುಪಾಲು ಅಮೆರಿಕದ ಪಿಎಲ್-480 ನೆರವಿನದು. ಅಂಥ ಸರಕಿನ ಅರ್ಧದಷ್ಟಾದರೂ ಅಮೆರಿಕದ ಬಾವುಟದ ಹಡಗುಗಳಲ್ಲೇ ಹೋಗಬೇಕೆಂದು ಅವರ 1954ರ ಕಾನೂನು ಹೇಳುತ್ತಿತ್ತು. ರಾಗಿ ಉಣ್ಣುವ ಸೀಮೆಯ ಅಜ್ಜಿ ರೇಷನ್ ಅಂಗಡಿಯಲ್ಲಿ ಸಾಲು ನಿಂತು ತಂದ ಗೋಧಿಯನ್ನು ಹೊತ್ತು ತಂದ ಹಡಗುಗಳು ಅಂಚೆಚೀಟಿಗೆ ಏರಲಿಲ್ಲ.

ಹಾಗೆಂದು 'ಜಲಉಷಾ' ಸುಳ್ಳಲ್ಲ. ನಮ್ಮ ಸರಕಿಗೆ ನಾವೇ ಬಾಡಿಗೆ ಗೊತ್ತುಮಾಡಬೇಕೆಂದು 1919ರಲ್ಲಿ ಹೊರಟವರ ಹಟ ಆ ಚಿತ್ರದಲ್ಲಿದೆ. ಆದರೆ ಅಂಚೆಚೀಟಿ ಸರ್ಕಾರ ತನ್ನ ಬಗ್ಗೆ ತಾನೇ ಬರೆದುಕೊಂಡ ಚಿಕ್ಕ ಚರಿತ್ರೆ. ಅದರಲ್ಲಿ ಬಿಟ್ಟುಹೋದದ್ದನ್ನು ಕೇಳಲು ಸಾಲಿನಲ್ಲಿ ನಿಂತವರು ಬೇಕು. ಪ್ರಬಂಧದ ಮೂರನೆಯ ಅಧ್ಯಾಯವನ್ನು ನಾನೀಗ ಅಜ್ಜಿಯ ಪ್ರಶ್ನೆಯಿಂದಲೇ ತಿರುಗಿ ಬರೆಯುತ್ತಿದ್ದೇನೆ.