ಐಸ್‌ಲ್ಯಾಂಡಿನ ಮಕ್ಕಳಿಗೆ ಬಾತುಕೋಳಿ ಕಲಿಸಿದ ಡ್ಯಾನಿಶ್



ಗಡಿಯಾಚೆಯ ಕನ್ನಡ ಶಾಲೆಗಳ ಮಾತು ಬಂದಾಗಲೆಲ್ಲ ನಾವು ಶಿಕ್ಷಕರ ನೇಮಕ, ಪಠ್ಯಪುಸ್ತಕಗಳ ಸರಬರಾಜು, ಮಕ್ಕಳ ಹಾಜರಾತಿ ಇವುಗಳನ್ನೇ ಚರ್ಚಿಸುತ್ತೇವೆ. ಅದು ಅವಶ್ಯವೂ ಹೌದು. ಆದರೆ ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ ಮಗು ತನ್ನ ಸಂತೋಷಕ್ಕಾಗಿ ಯಾವ ಭಾಷೆಯಲ್ಲಿ ಓದುತ್ತದೆ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ವಿರಳ. ದೂರದ ಪುಟ್ಟ ದೇಶವೊಂದರ ಚರಿತ್ರೆ ಈ ವಿಷಯದಲ್ಲಿ ನಮಗೆ ಪಾಠವಾಗಬಲ್ಲದು.

ಐಸ್‌ಲ್ಯಾಂಡ್ ಶತಮಾನಗಳ ಕಾಲ ಡೆನ್ಮಾರ್ಕಿನ ದೊರೆಗಳ ಆಳ್ವಿಕೆಯಲ್ಲಿದ್ದು, 1944ರ ಜೂನ್ 17ರಂದು ಗಣರಾಜ್ಯವಾಯಿತು. 1950ರ ಸುಮಾರಿಗೆ ಅಲ್ಲಿನ ಜನಸಂಖ್ಯೆ ಒಂದೂವರೆ ಲಕ್ಷವನ್ನೂ ಮುಟ್ಟಿರಲಿಲ್ಲ. ಇಂದಿಗೂ ನಾಲ್ಕು ಲಕ್ಷದೊಳಗೇ ಇದೆ. ಆದರೂ ಆ ಜನ ಗ್ರಂಥಪ್ರಿಯರು. ಹದಿಮೂರನೆಯ ಶತಮಾನದ ತಮ್ಮ ಗದ್ಯಕಥನಗಳನ್ನು ಇಂದಿಗೂ ಓದುತ್ತಾರೆ. ಕ್ರಿಸ್‌ಮಸ್ ಹಬ್ಬಕ್ಕೆ ಪುಸ್ತಕವನ್ನೇ ಉಡುಗೊರೆಯಾಗಿ ಕೊಡುತ್ತಾರೆ.

ಇಂತಹ ನಾಡಿನಲ್ಲಿಯೂ ಮಕ್ಕಳಿಗೆ ಚಿತ್ರಕಥೆ ತಮ್ಮ ಭಾಷೆಯಲ್ಲಿ ಸುಲಭವಾಗಿ ಸಿಗಲಿಲ್ಲ. ಕಾರಣ ಅಭಿಮಾನದ ಕೊರತೆಯಲ್ಲ, ಮುದ್ರಣದ ಲೆಕ್ಕಾಚಾರ. ಬಣ್ಣದ ಅಚ್ಚಿಗೆ ಅಚ್ಚುಫಲಕಗಳ ವೆಚ್ಚ ಮೊದಲೇ ತಗಲುತ್ತದೆ. ಸಾವಿರ ಪ್ರತಿ ತೆಗೆದರೂ ಲಕ್ಷ ಪ್ರತಿ ತೆಗೆದರೂ ಆ ವೆಚ್ಚ ತಪ್ಪದು. ಓದುಗರು ಕಡಿಮೆಯಾದಷ್ಟೂ ಪ್ರತಿಯೊಂದರ ಬೆಲೆ ಏರುತ್ತದೆ. ಆದ್ದರಿಂದ ಡೊನಾಲ್ಡ್ ಡಕ್ ಎಂಬ ಬಾತುಕೋಳಿಯ ಪತ್ರಿಕೆ ಅಲ್ಲಿಗೆ ಡ್ಯಾನಿಶ್ ಭಾಷೆಯಲ್ಲಿಯೇ ಬರುತ್ತಿತ್ತು. ಡೆನ್ಮಾರ್ಕಿನಲ್ಲಿ ಆ ಪತ್ರಿಕೆ ಆರಂಭವಾದದ್ದು 1949ರಲ್ಲಿ. ಐಸ್‌ಲ್ಯಾಂಡಿಕ್ ಆವೃತ್ತಿ ಹೊರಟದ್ದು 1983ರಲ್ಲಿ. ನಡುವೆ ಸಂದದ್ದು ಮೂವತ್ತನಾಲ್ಕು ವರ್ಷ! ಅತಿಮಾನವ ವೀರರ ಕಥೆಗಳಂತೂ ಬಹುಪಾಲು ಪರಭಾಷೆಯಲ್ಲಿಯೇ ಉಳಿದವು.

ಪರಿಣಾಮವೇನಾಯಿತು? ಡ್ಯಾನಿಶ್ ಅಲ್ಲಿ ಶಾಲೆಯ ಕಡ್ಡಾಯ ವಿಷಯವಾಗಿತ್ತು. ಆದರೆ ತಮಗೆ ಆ ಭಾಷೆ ಬಂದದ್ದು ತರಗತಿಯಿಂದಲ್ಲ, ಬಾತುಕೋಳಿಯ ಪತ್ರಿಕೆಯಿಂದ ಎಂದು ಆ ಪೀಳಿಗೆಯ ಅನೇಕರು ಇಂದಿಗೂ ನಗುತ್ತ ಹೇಳುತ್ತಾರೆ. ಗುರುಗಳು ವ್ಯಾಕರಣದಿಂದ ಮಾಡಲಾಗದ್ದನ್ನು ಚಿತ್ರಕಥೆ ಕುತೂಹಲದಿಂದ ಮಾಡಿತು. ಇದರಲ್ಲಿ ನಮಗೆ ಭರವಸೆಯೂ ಇದೆ, ಎಚ್ಚರಿಕೆಯೂ ಇದೆ: ಮಗು ಯಾವ ಭಾಷೆಯಲ್ಲಿ ಮೈಮರೆತು ಓದುತ್ತದೆಯೋ ಆ ಭಾಷೆ ಅದಕ್ಕೆ ತಾನಾಗಿಯೇ ಒಲಿಯುತ್ತದೆ, ಅದು ಮನೆಯ ಮಾತಾಗಿರಲಿ, ಪರರ ಮಾತಾಗಿರಲಿ.

ಈಗ ನಮ್ಮತ್ತ ನೋಡೋಣ. ಕನ್ನಡಿಗರು ಕೋಟಿಗಟ್ಟಲೆ ಇದ್ದೇವೆ. ಆದರೆ ತಾಳವಾಡಿಯ ಅಥವಾ ಜತ್ತದ ಅಂಗಡಿಯಲ್ಲಿ ನಿಂತ ಕನ್ನಡದ ಮಗು ಐಸ್‌ಲ್ಯಾಂಡಿನ ಮಗುವಿನಂತೆಯೇ ಸಣ್ಣ ದೇಶದ ಪ್ರಜೆ. ಅಂಗಡಿಯವರು ಹೆಚ್ಚು ಮಾರಾಟವಾಗುವ ಭಾಷೆಯನ್ನೇ ತೂಗುಹಾಕುತ್ತಾರೆ. ಅದು ಅವರ ದೋಷವಲ್ಲ.

ಪರಿಹಾರವೂ ಚರಿತ್ರೆಯಲ್ಲಿದೆ. ಯುರೋಪಿನ ಸಣ್ಣ ಭಾಷೆಗಳ ಪ್ರಕಾಶಕರು ಕೂಡಿ ಮುದ್ರಿಸುವ ಉಪಾಯ ಕಂಡುಕೊಂಡರು: ಬಣ್ಣದ ಫಲಕಗಳು ಎಲ್ಲರಿಗೂ ಒಂದೇ, ಮಾತಿನ ಕಪ್ಪು ಫಲಕ ಮಾತ್ರ ಆಯಾ ಭಾಷೆಯದು. ನಮ್ಮಲ್ಲಿಯೂ ಇದಕ್ಕೆ ಹೋಲುವ ಪ್ರಸಂಗವಿದೆ. ಕಾಸರಗೋಡಿನ ಪೋಷಕರು ‘ಬಾಲಮಂಗಳ’ವನ್ನು ಮರೆತಿರಲಾರರು. ಅದರ ಅತಿಮಾನವ ಇಲಿ ‘ಡಿಂಗ’ ಮೂಲತಃ ಮಲಯಾಳದ ‘ಡಿಂಕನ್’. ಕೇರಳದ ಚಿತ್ರಕ್ಕೆ ಕನ್ನಡದ ಮಾತು ಸೇರಿ, ಆ ಇಲಿ ಕರಾವಳಿಯ ಎಷ್ಟೋ ಮಕ್ಕಳಿಗೆ ಕನ್ನಡ ಓದುವ ರುಚಿ ಹತ್ತಿಸಿತು. ನೆರೆಯ ಭಾಷೆ ನಮ್ಮ ಭಾಷೆಯ ವೈರಿಯಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಕುರಿತು ಹೇಳುತ್ತದೆ. ಅದಕ್ಕಾಗಿ ನಾವು ಹೋರಾಡಲೇಬೇಕು. ಆದರೆ ಭಾನುವಾರದ ಮಧ್ಯಾಹ್ನ ಮಗುವಿನ ಕೈಯಲ್ಲಿರುವ ಪುಸ್ತಕವನ್ನು ಯಾವ ವಿಧಿಯೂ ತಂದುಕೊಡದು; ಅದು ನಮ್ಮ ಹೊಣೆ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಮಗುವಿನ ಕೈಯಿಂದ ತಮಿಳು, ಮರಾಠಿ, ಮಲಯಾಳ, ತೆಲುಗು ಚಿತ್ರಕಥೆಗಳನ್ನು ಕಸಿಯಬೇಡಿ. ಅವುಗಳ ಪಕ್ಕದಲ್ಲಿ ಕನ್ನಡದ್ದೊಂದನ್ನು ಇಡಿ. ಊರಿಗೆ ಹೋದಾಗ ಸಿಹಿಯ ಪೊಟ್ಟಣದೊಂದಿಗೆ ಒಂದು ಅಮರ ಚಿತ್ರಕಥೆಯನ್ನೂ ತನ್ನಿ. ಅಟ್ಟದ ಮೇಲಿನ ಹಳೆಯ ಚಂದಮಾಮ, ಬಾಲಮಂಗಳಗಳನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ಜಾಲತಾಣದಲ್ಲಿ ಒಂದೇ ಚಿತ್ರಪುಸ್ತಕ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಕನ್ನಡದ ಪ್ರತಿಯನ್ನು ಇಳಿಸಿಕೊಂಡು ಮುದ್ರಿಸಿ, ಹೊಲಿದು, ತರಗತಿಯಲ್ಲಿ ಇಡಬಹುದು. ‘ಚಿತ್ರದ ಪುಸ್ತಕ ಓದಿದರೆ ಪಾಠ ಕೆಡುತ್ತದೆ’ ಎಂದು ಗದರಬೇಡಿ. ನಕ್ಕು ಓದಿದ ಅಕ್ಷರ ಮನಸ್ಸಿನಲ್ಲಿ ನಿಲ್ಲುತ್ತದೆ.